ತಾಯಿಯ ಮಡಿಲು, ಉರಿಯುವ ಗೋಳ: ‘ವೈಟ್ ಹೀಟ್’ ಚಿತ್ರವನ್ನು ಕುರಿತ ವಿಮರ್ಶೆಗಳ ಸಮೀಕ್ಷೆ

ಕಬ್ಬಿಣವನ್ನು ಕುಲುಮೆಯಲ್ಲಿಟ್ಟು ತಿದಿಯೊತ್ತಿದರೆ ಮೊದಲು ಅದು ಕೆಂಪಾಗುವುದು. ಮತ್ತೂ ಒತ್ತಿದರೆ ಹಳದಿಗೆ ತಿರುಗುವುದು. ಅದನ್ನೂ ಮೀರಿ ಕಾಯಿಸಿದಾಗ ಬಣ್ಣವೆಲ್ಲ ಅಳಿದು, ಕಣ್ಣಿಟ್ಟು ನೋಡಲಾಗದ ಬಿಳುಪೊಂದೇ ಉಳಿಯುವುದು. ಆ ಕಡೆಯ ಕಾವಿನ ಹೆಸರನ್ನೇ ಹೊತ್ತು 1949ರ ಸೆಪ್ಟೆಂಬರ್ ಮೊದಲಲ್ಲಿ ನ್ಯೂಯಾರ್ಕಿನ ತೆರೆಗೆ ಬಂದ ‘ವೈಟ್ ಹೀಟ್’ ಎಂಬ ಚಿತ್ರ, ವಾರ್ನರ್ ಸಂಸ್ಥೆಯವರು ತಯಾರಿಸಿದ, ರಾವುಲ್ ವಾಲ್ಶ್ ನಿರ್ದೇಶಿಸಿದ, ಜೇಮ್ಸ್ ಕ್ಯಾಗ್ನಿ ನಾಯಕನಾಗಿ ನಟಿಸಿದ ಒಂದು ದರೋಡೆಯ ಕಥೆ. ಎರಡು ಗಂಟೆಗೆ ಆರು ನಿಮಿಷ ಕಡಮೆಯ ಅವಧಿಯದು. ಅಂದಿನಿಂದ ಇಂದಿನವರೆಗೆ ಇದರ ಮೇಲೆ ಬಂದಿರುವ ಅಭಿಪ್ರಾಯಗಳನ್ನು ಒಂದೆಡೆ ಕೂಡಿಸಿ ಓದಿದವನಿಗೆ, ಒಂದೇ ಚಿತ್ರವನ್ನು ಕುರಿತು ಇವರೆಲ್ಲರೂ ಮಾತನಾಡುತ್ತಿರುವರೆ ಎಂಬ ಸಂಶಯ ಬಾರದಿರದು. ಒಬ್ಬರಿಗೆ ಅದು ಕ್ರೌರ್ಯದ ಪ್ರದರ್ಶನ, ಇನ್ನೊಬ್ಬರಿಗೆ ರುದ್ರನಾಟಕ, ಮತ್ತೊಬ್ಬರಿಗೆ ಮನೋರೋಗದ ಟಿಪ್ಪಣಿ, ಮಗದೊಬ್ಬರಿಗೆ ಪರಮಾಣುಯುಗದ ಉತ್ಪಾತಸೂಚನೆ. ಈ ಭಿನ್ನಾಭಿಪ್ರಾಯಗಳ ಮೂಲವೆಲ್ಲಿದೆ, ಅವುಗಳಲ್ಲಿ ಚಿತ್ರಕ್ಕೆ ಹತ್ತಿರವಾದುದು ಯಾವುದು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಚಿತ್ರವನ್ನು ನೋಡದವರ ಸಲುವಾಗಿ ಕಥೆಯನ್ನು ಚುಟುಕಾಗಿ ಹೇಳಬೇಕು. ಕೋಡಿ ಜ್ಯಾರೆಟ್ ಎಂಬ ದರೋಡೆಕೋರ ತನ್ನ ತಂಡದೊಡನೆ ಕ್ಯಾಲಿಫೋರ್ನಿಯದ ಬೆಟ್ಟಗಳ ನಡುವಣ ಸುರಂಗದ ಬಳಿ ರೈಲನ್ನು ತಡೆದು ಸರ್ಕಾರದ ಹಣವನ್ನು ದೋಚುವನು; ಸಂಗಡಿಗನೊಬ್ಬ ಬಾಯಿತಪ್ಪಿ ತನ್ನ ಹೆಸರನ್ನು ಉಚ್ಚರಿಸಿದನೆಂಬ ಒಂದೇ ಕಾರಣಕ್ಕೆ ಎಂಜಿನ್ನಿನವರನ್ನು ಗುಂಡಿಕ್ಕಿ ಕೊಲ್ಲುವನು. ಹಿಂದೆ ಬೀಳುವ ಖಜಾನೆ ಇಲಾಖೆಯವರಿಂದ ತಪ್ಪಿಸಿಕೊಳ್ಳಲು, ಅದೇ ವೇಳೆಗೆ ಇಲಿನಾಯ್ ಪ್ರಾಂತದಲ್ಲಿ ನಡೆದ ಒಂದು ಸಣ್ಣ ಅಪರಾಧವನ್ನು ತನ್ನದೆಂದು ಒಪ್ಪಿಕೊಂಡು ಕೆಲವು ವರ್ಷದ ಸೆರೆಗೆ ತಾನಾಗಿ ನಡೆದುಹೋಗುವನು. ಇಲಾಖೆಯವರು ಹ್ಯಾಂಕ್ ಫ್ಯಾಲನ್ ಎಂಬ ಅಧಿಕಾರಿಯನ್ನು ವಿಕ್ ಪಾರ್ಡೊ ಎಂಬ ಕಳ್ಳಹೆಸರಿನಲ್ಲಿ ಅವನ ಕೋಣೆಗೇ ಕೈದಿಯಾಗಿ ಕಳುಹಿಸುವರು. ಹೊರಗೆ ಕೋಡಿಯ ಹೆಂಡತಿ ವೆರ್ನಾ ತಂಡದ ಬಿಗ್ ಎಡ್ ಎಂಬವನ ಪಾಲಾಗುವಳು, ತಾಯಿ ಸಾಯುವಳು. ಕೋಡಿ ಸೆರೆಯೊಡೆದು ಹೊರಬಂದು, ಎಡ್‌ನನ್ನು ಕೊಂದು, ಬರಿದಾದ ಎಣ್ಣೆ ಟ್ಯಾಂಕರಿನ ಹೊಟ್ಟೆಯಲ್ಲಿ ತನ್ನವರನ್ನು ಅಡಗಿಸಿಕೊಂಡು ಒಂದು ರಾಸಾಯನಿಕ ಕಾರ್ಖಾನೆಯ ಸಂಬಳದ ಹಣಕ್ಕೆ ಕೈಹಾಕುವನು. ಟ್ರಾಯ್ ನಗರದ ಮರದ ಕುದುರೆಯ ಕಥೆಯನ್ನು ಚಿಕ್ಕಂದಿನಲ್ಲಿ ತಾಯಿ ಹೇಳಿದ್ದಳೆಂಬುದೇ ಈ ಉಪಾಯದ ಮೂಲ. ಕೊನೆಗೆ ಎಲ್ಲ ಕಡೆಯಿಂದಲೂ ಸುತ್ತುವರಿಯಲ್ಪಟ್ಟು, ದೈತ್ಯಾಕಾರದ ಗೋಳವೊಂದರ, ಅನಿಲ ತುಂಬಿದ ಉಕ್ಕಿನ ತೊಟ್ಟಿಯೊಂದರ, ನೆತ್ತಿಯನ್ನೇರಿ, ತಾನೇ ಅದಕ್ಕೆ ಗುಂಡು ಹಾರಿಸಿ, ಲೋಕದ ತುದಿಯನ್ನು ಮುಟ್ಟಿದೆನೆಂದು ಸತ್ತ ತಾಯಿಯನ್ನು ಕೂಗಿ ಹೇಳುತ್ತ ಬೆಂಕಿಯಲ್ಲಿ ಬೂದಿಯಾಗುವನು.

ಈ ಕಥೆ 1949ಕ್ಕೆ ಬಂದುದರಲ್ಲಿಯೇ ಒಂದು ವಿಶೇಷವಿದ್ದಿತು. ‘ಲಿಟಲ್ ಸೀಸರ್’, ‘ದಿ ಪಬ್ಲಿಕ್ ಎನಿಮಿ’, ‘ಸ್ಕಾರ್‌ಫೇಸ್’ ಚಿತ್ರಗಳು ಗ್ಯಾಂಗ್‌ಸ್ಟರ್ ಎಂಬ ಹೊಸ ನಾಯಕನನ್ನು ಜನತೆಯ ಕಣ್ಣಿಗೆ ನಿಲ್ಲಿಸಿದುದು 1931, 1932ರಲ್ಲಿ. 1934ರಿಂದ ಹಾಲಿವುಡ್ಡಿನ ನೀತಿಸಂಹಿತೆ ಬಿಗಿಯಾದ ಮೇಲೆ ಆ ನಾಯಕ ಬಾಲ ಮುದುರಿಕೊಂಡು ಪೊಲೀಸರ ಪಕ್ಷಕ್ಕೋ ಪಶ್ಚಾತ್ತಾಪಕ್ಕೋ ತಿರುಗಬೇಕಾಯಿತು. ‘ದಿ ಪಬ್ಲಿಕ್ ಎನಿಮಿ’ಯಿಂದ ಪ್ರಸಿದ್ಧನಾದ ಕ್ಯಾಗ್ನಿಗೆ ಆ ಪಾತ್ರಗಳು ಬೇಸರ ತಂದಿದ್ದುವು. ‘ಯಾಂಕೀ ಡೂಡಲ್ ಡ್ಯಾಂಡಿ’ಯ ಹಾಡು ಕುಣಿತಕ್ಕೆ ಆಸ್ಕರ್ ಪಡೆದು, ವಾರ್ನರ್ ಸಂಸ್ಥೆಯನ್ನು ಬಿಟ್ಟು, ತಮ್ಮನೊಡನೆ ಸ್ವಂತ ಸಂಸ್ಥೆಯನ್ನು ಕಟ್ಟಿ, ಅದರಲ್ಲಿ ಕೈಸುಟ್ಟುಕೊಂಡು ಅವರು ಹಳೆಯ ಮನೆಗೆ ಹಿಂತಿರುಗಿದಾಗ ವಯಸ್ಸು ಐವತ್ತನ್ನು ಮುಟ್ಟಿತ್ತು. ವರ್ಜಿನಿಯಾ ಕೆಲಾಗ್ ಬರೆದ ಮೂಲಕಥೆಯನ್ನು ಐವನ್ ಗಾಫ್ ಮತ್ತು ಬೆನ್ ರಾಬರ್ಟ್ಸ್ ಚಿತ್ರಕಥೆಯಾಗಿಸಿದರು. ಕುಖ್ಯಾತ ಮಾ ಬಾರ್ಕರ್ ಮತ್ತು ಅವಳ ಮಕ್ಕಳನ್ನು ಮಾದರಿಯಾಗಿಟ್ಟುಕೊಂಡು ನಾಯಕನನ್ನು ಚಿತ್ತವಿಕಾರವುಳ್ಳವನನ್ನಾಗಿ ಮಾಡೋಣವೆಂದು ಸೂಚಿಸಿದವನು ತಾನೇ ಎಂದು ಕ್ಯಾಗ್ನಿ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿರುವರು.

ಮೊದಲ ವಿಮರ್ಶೆಗಳಲ್ಲಿ ಹೆಚ್ಚು ಉಲ್ಲೇಖಗೊಂಡುದು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಬಾಸ್ಲಿ ಕ್ರೌದರ್ ಅವರದು. ಗ್ಯಾಂಗ್‌ಸ್ಟರ್ ಚಿತ್ರಗಳ ಸಾಲಿನಲ್ಲಿ ಇದನ್ನು ತುತ್ತತುದಿಯಲ್ಲಿಟ್ಟು, ಕ್ಯಾಗ್ನಿಯ ಚಲನವಲನವನ್ನು ನುರಿತ ಗೂಳಿಕಾಳಗದವನ ಚಾತುರ್ಯಕ್ಕೆ ಹೋಲಿಸಿ ಹೊಗಳಿದ ಅದೇ ವಿಮರ್ಶಕರು, ಇದು ಕ್ರೂರವಾದ ಚಿತ್ರ, ಚಂಚಲಚಿತ್ತರ ಮೇಲೆ ಇದರ ಪರಿಣಾಮವೇನಾದೀತೆಂದು ಅಳೆಯಲಾಗದು ಎಂಬ ಎಚ್ಚರಿಕೆಯನ್ನೂ ಕೊಟ್ಟರು. ಕಣ್ಣು ಮೆಚ್ಚಿದುದನ್ನು ಧರ್ಮಬುದ್ಧಿ ಮೆಚ್ಚಲೊಲ್ಲದ ಈ ಇಬ್ಬಂದಿಯನ್ನು ಕೆಲವರು ಹಳೆಯ ಕಾಲದ ಮಡಿವಂತಿಕೆಯೆಂದು ಪಕ್ಕಕ್ಕೆ ತಳ್ಳಿರುವರು. ನನಗೆ ಹಾಗೆ ತೋರದು. ಕಾರಿನ ಹಿಂದಣ ಡಬ್ಬಿಯಲ್ಲಿ ಕೂಡಿಹಾಕಲ್ಪಟ್ಟ ಕೈದಿ ಉಸಿರಾಡಲು ಗಾಳಿಯಿಲ್ಲವೆಂದು ಒಳಗಿನಿಂದ ಮೊರೆಯಿಡುವಾಗ, ಕೋಡಿ ಒಂದು ಕೈಯಲ್ಲಿ ಕೋಳಿಯ ಕಾಲನ್ನು ಮೆಲ್ಲುತ್ತ, ಗಾಳಿ ತಾನೆ, ಕೊಡೋಣ ಎಂಬ ಭಾವದಿಂದ ಇನ್ನೊಂದು ಕೈಯಿಂದ ಡಬ್ಬಿಯ ಮುಚ್ಚಳಕ್ಕೆ ಗುಂಡಿನ ತೂತುಗಳನ್ನು ಕೊರೆಯುವನು. ಆ ಕ್ಷಣದಲ್ಲಿ ಚಿತ್ರಮಂದಿರದಲ್ಲಿ ನಗು ಏಳುವುದುಂಟು. ನಕ್ಕವನು ಮರುಕ್ಷಣ ತನ್ನ ನಗುವಿಗೆ ತಾನೇ ಬೆಚ್ಚುವನು. ಕ್ರೌದರ್ ಗುರುತಿಸಿದುದು ಆ ಬೆಚ್ಚುವಿಕೆಯನ್ನು. ಚಿತ್ರದ ಶಕ್ತಿ ಅಲ್ಲಿಯೇ ಇರುವುದರಿಂದ, ಅವರ ಹೊಗಳಿಕೆಯೂ ಎಚ್ಚರಿಕೆಯೂ ಒಂದೇ ಅನುಭವದ ಎರಡು ಮುಖಗಳೆಂದು ಭಾವಿಸುವುದೇ ನ್ಯಾಯ.

ಎರಡನೆಯ ಪ್ರಶ್ನೆ ದುರಂತನಾಯಕತ್ವದ್ದು. ಈ ಚಿತ್ರ ಬರುವುದಕ್ಕೆ ಒಂದು ವರ್ಷ ಮುಂಚೆ, 1948ರಲ್ಲಿ, ರಾಬರ್ಟ್ ವಾರ್ಷೋ ಎಂಬ ತರುಣ ವಿಮರ್ಶಕರು ‘ಪಾರ್ಟಿಸನ್ ರಿವ್ಯೂ’ ಪತ್ರಿಕೆಯಲ್ಲಿ ಗ್ಯಾಂಗ್‌ಸ್ಟರ್‌ನನ್ನು ದುರಂತನಾಯಕನೆಂದು ಪ್ರತಿಪಾದಿಸಿ ಕಿರಿದಾದರೂ ಚಿರಸ್ಮರಣೀಯವಾದ ಪ್ರಬಂಧವೊಂದನ್ನು ಬರೆದಿದ್ದರು. ಎಲ್ಲರೂ ಗೆಲ್ಲಬೇಕು, ಎಲ್ಲರೂ ನಗುತ್ತಿರಬೇಕು ಎಂಬ ರಾಷ್ಟ್ರದಲ್ಲಿ, ಗೆಲುವಿನ ಹಸಿವೇ ಮನುಷ್ಯನನ್ನು ಒಂಟಿಯಾಗಿಸಿ ಕೊಲ್ಲುವುದೆಂಬ ಬಾಯಿಬಿಟ್ಟು ಹೇಳಲಾಗದ ಭಯವನ್ನು ಗ್ಯಾಂಗ್‌ಸ್ಟರ್ ನಮ್ಮ ಪರವಾಗಿ ಅನುಭವಿಸಿ ಸಾಯುವನೆಂಬುದು ಅವರ ವಾದದ ತಿರುಳು. ಈ ಸೂತ್ರವನ್ನು ಮುಂದೆ ಹಲವರು ‘ವೈಟ್ ಹೀಟ್’ಗೆ ಅನ್ವಯಿಸಿದರು, ಲೋಕದ ತುದಿಯೆಂಬ ಆ ಕಡೆಯ ಕೂಗು ಅದಕ್ಕೆಂದೇ ಹುಟ್ಟಿದಂತೆ ತೋರುವುದಷ್ಟೆ. ಆದರೆ ಸೂತ್ರ ಇಲ್ಲಿ ಪೂರ್ತಿಯಾಗಿ ಹೊಂದುವುದಿಲ್ಲ. ವಾರ್ಷೋ ಕಂಡ ಗ್ಯಾಂಗ್‌ಸ್ಟರ್ ನಗರದ ಕೂಸು. ಬೀದಿಯಿಂದ ಅರಮನೆಗೆ ಏರಿ ಮತ್ತೆ ಬೀದಿಗೆ ಬಿದ್ದು ಸಾಯುವವನು. ಕೋಡಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಕಥೆ ಆರಂಭವಾಗುವಾಗಲೇ ಅವನು ತಂಡದ ಒಡೆಯ. ಲೋಕದ ತುದಿಗೇರಬೇಕೆಂಬ ಮಾತು ಕೂಡ ಅವನದಲ್ಲ, ಮಗನಿಗೆ ಧೈರ್ಯ ತುಂಬಲು ತಾಯಿ ಹರಸಿ ಹೇಳಿದ ಮಾತು. ಹಣದಿಂದ ಅವನಿಗೆ ಸಿಗುವ ಸುಖ ಯಾವುದೆಂದು ಚಿತ್ರದಲ್ಲೆಲ್ಲಿಯೂ ಕಾಣೆವು.

ಕನ್ನಡ ಓದುಗನಿಗೆ ಇಲ್ಲಿ ರನ್ನನ ದುರ್ಯೋಧನ ನೆನಪಾದರೆ ಆಶ್ಚರ್ಯವಿಲ್ಲ. ಖಳನೆಂದು ಒಪ್ಪಿಕೊಂಡವನನ್ನು ರುದ್ರನಾಟಕದ ನಾಯಕನನ್ನಾಗಿ ಎಣಿಸಬಹುದೆ ಎಂಬ ಚರ್ಚೆಯನ್ನು ಬಿ. ಎಂ. ಶ್ರೀಕಂಠಯ್ಯನವರು 1926ರ ತಮ್ಮ ‘ಗದಾಯುದ್ಧ ನಾಟಕಂ’ ಕೃತಿಯಿಂದ ನಮ್ಮಲ್ಲಿ ಎಬ್ಬಿಸಿದುದುಂಟು. ಅಲ್ಲಿ ದುರ್ಯೋಧನನಿಗೆ ನಮ್ಮ ಮರುಕವನ್ನು ಗಳಿಸಿಕೊಡುವುದು ಅವನ ಛಲಕ್ಕಿಂತಲೂ, ಹೆಣಗಳ ನಡುವೆ ನಡೆಯುತ್ತ ಸತ್ತ ಗೆಳೆಯನನ್ನೂ ತಮ್ಮನನ್ನೂ ಕಂಡು ಕರಗುವ ಅವನ ಹೃದಯ. ಕೋಡಿಯನ್ನು ಆ ಎತ್ತರದಲ್ಲಿ ನಿಲ್ಲಿಸಲು ನಾನು ಒಪ್ಪೆನು. ಅವನಲ್ಲಿ ಔದಾರ್ಯದ ಎಳೆ ತೀರ ತೆಳುವು. ಆದರೂ ಪ್ರೀತಿಸಿದವರ ಸಾವಿನ ಮುಂದೆ ಖಳನ ಎದೆ ಒಡೆಯುವುದನ್ನು ಕಂಡಾಗ ಹುಟ್ಟುವ ಮರುಕ ಎರಡೂ ಕಡೆಯಲ್ಲಿ ಒಂದೇ ಜಾತಿಯದು.

ಮೂರನೆಯದಾಗಿ, ಇದು ಫಿಲ್ಮ್ ನ್ವಾರ್ ಹೌದೆ ಅಲ್ಲವೆ ಎಂಬ ವ್ಯಾಜ್ಯ. ಕಪ್ಪುಚಿತ್ರ ಎಂಬರ್ಥದ ಆ ಹೆಸರನ್ನು ಅಮೆರಿಕದ ಚಿತ್ರಗಳಿಗೆ 1946ರಲ್ಲಿ ಕೊಟ್ಟವರು ಫ್ರಾನ್ಸಿನ ನಿನೊ ಫ್ರ್ಯಾಂಕ್. 1955ರಲ್ಲಿ ರೇಮೋಂ ಬೋರ್ದ್ ಮತ್ತು ಎತಿಯೆನ್ ಶೋಮತೋಂ ಅದರ ಮೇಲೆ ಮೊದಲ ಗ್ರಂಥವನ್ನು ಬರೆದರು. ಮಳೆಗೆ ತೊಯ್ದ ರಾತ್ರಿಯ ಬೀದಿ, ಕಿಟಕಿಯ ಪಟ್ಟಿಗಳ ನೆರಳು, ನಾಯಕನನ್ನು ಹಳ್ಳಕ್ಕೆ ಕೆಡಹುವ ಸುಂದರಿ, ಹಿಂದಿನದನ್ನು ನೆನೆದು ಕೊರಗುವ ಕಥನದ ಧ್ವನಿ ಇವೇ ನ್ವಾರಿನ ಲಕ್ಷಣಗಳೆಂದು ಹಿಡಿದರೆ ‘ವೈಟ್ ಹೀಟ್’ ಆ ಗುಂಪಿನಲ್ಲಿ ಹೊರಗಿನವನಂತೆ ನಿಲ್ಲುವುದು. ಸಿಡ್ ಹಿಕಾಕ್ಸ್ ಅವರ ಕ್ಯಾಮೆರಾ ಇಲ್ಲಿ ಬಹುಮಟ್ಟಿಗೆ ಹಗಲಿನಲ್ಲಿ ಕೆಲಸಮಾಡಿದೆ. ಬೆಟ್ಟದ ತಪ್ಪಲು, ರೈಲುದಾರಿ, ಹೆದ್ದಾರಿ, ಸೆರೆಮನೆಯ ಯಂತ್ರಾಗಾರ, ಕಾರ್ಖಾನೆಯ ಕೊಳವೆಗಳ ಕಾಡು, ಕಾರಿನಲ್ಲೇ ಕುಳಿತು ಸಿನಿಮಾ ನೋಡುವ ಬಯಲು ಚಿತ್ರಮಂದಿರ, ಎಲ್ಲವೂ ಬೆಳಕಿಗೆ ತೆರೆದ ವಿಶಾಲ ಜಾಗಗಳು. ಕಥೆ ಎಲ್ಲಿಯೂ ಹಿಂದಕ್ಕೆ ಜಗ್ಗದೆ, ಎಂಜಿನ್ನಿನ ಓಟದಲ್ಲಿ ಮುಂದಕ್ಕೇ ನುಗ್ಗುವುದು.

ಈ ಆಕ್ಷೇಪಕ್ಕೆ ಒಪ್ಪಬಹುದಾದ ಸಮಾಧಾನ ದೊರೆಯುವುದು ಪಾಲ್ ಶ್ರೇಡರ್ 1972ರಲ್ಲಿ ಬರೆದ ನ್ವಾರ್ ಟಿಪ್ಪಣಿಗಳಲ್ಲಿ. ಅವರು ನ್ವಾರಿನ ಚರಿತ್ರೆಯನ್ನು ಮೂರು ಹಂತಗಳಾಗಿ ವಿಂಗಡಿಸಿ, 1949ರಿಂದ 1953ರವರೆಗಿನ ಕಡೆಯ ಹಂತವನ್ನು ಉನ್ಮತ್ತಕ್ರಿಯೆಯ, ಆತ್ಮನಾಶದ ಹಂಬಲದ ಕಾಲವೆಂದು ಕರೆದು, ಕ್ಯಾಗ್ನಿಯ ಪುನರಾಗಮನವನ್ನು ಅದರ ಮುಂಬಾಗಿಲಲ್ಲಿ ನಿಲ್ಲಿಸಿದರು. ಹತ್ತು ವರ್ಷ ಹೊರಗಿನ ನೆರಳಾಗಿ ಕಾಡಿದ ಕತ್ತಲೆ ಈಗ ಮನುಷ್ಯನ ತಲೆಯೊಳಗೆ ಹೊಕ್ಕಿತೆಂಬುದು ಇದರ ಭಾವ. ಹಾಗೆ ನೋಡಿದರೆ ಕೋಡಿಗೆ ಆಗಾಗ ಬಂದೆರಗುವ ತಲೆಶೂಲೆಯೇ ಈ ಚಿತ್ರದ ರಾತ್ರಿ. ಕಾಯ್ದ ಗರಗಸವೊಂದು ಒಳಗೆ ಆಡಿದಂತೆ ಅವನು ನರಳುವಾಗ ಹೊರಗೆಷ್ಟು ಬಿಸಿಲಿದ್ದರೇನು? ಜ್ಯಾಕ್ ಶಾಡೋಯನ್ 1977ರ ತಮ್ಮ ಗ್ರಂಥದಲ್ಲಿ ಇದನ್ನು ‘ಡಿ.ಓ.ಎ.’ ಎಂಬ ವಿಷಪ್ರಾಶನದ ಕಥೆಯೊಡನೆ ಜೋಡಿಯಾಗಿ ಚರ್ಚಿಸಿದುದೂ ಇದೇ ಜಾಡಿನಲ್ಲಿ: ಎರಡರಲ್ಲಿಯೂ ಸಾವು ಹೊರಗಿನಿಂದ ಬಂದು ಬಾಗಿಲು ತಟ್ಟುವುದಿಲ್ಲ, ದೇಹದೊಳಗೇ ವಾಸಮಾಡಿಕೊಂಡಿರುವುದು. ವರ್ಗೀಕರಣದ ಜಗಳ ಇಷ್ಟಕ್ಕೆ ನಿಲ್ಲಬಹುದು.

ಚಿತ್ರದ ಹಿರಿಮೆ ಯಾರದೆಂಬ ವಿವಾದ ಇದಕ್ಕಿಂತ ಸ್ವಾರಸ್ಯವುಳ್ಳದು. ನಿರ್ದೇಶಕನೇ ಕರ್ತೃವೆಂದು ವಾದಿಸುವ ಆಂಡ್ರೂ ಸ್ಯಾರಿಸ್ 1968ರಲ್ಲಿ, ಫೋರ್ಡ್ ಅವರ ನಾಯಕರಿಗೆ ಪರಂಪರೆಯ ಆಸರೆ, ಹಾಕ್ಸ್ ಅವರ ನಾಯಕರಿಗೆ ವೃತ್ತಿಕೌಶಲದ ಆಸರೆ, ವಾಲ್ಶ್ ಅವರ ನಾಯಕರಿಗೋ ಸಾಹಸದ ಹಂಬಲವೊಂದನ್ನು ಬಿಟ್ಟು ಬೇರಾವ ಆಸರೆಯೂ ಇಲ್ಲ ಎಂದು ವಿವೇಚಿಸಿ, ಆ ನಿರಾಸರೆಯಲ್ಲಿ ಒಂದು ಕಾರುಣ್ಯವನ್ನು ಕಂಡರು. ಪ್ಯಾಟ್ರಿಕ್ ಮೆಕ್‌ಗಿಲಿಗನ್ 1975ರಲ್ಲಿ ಇದಕ್ಕೆ ಪ್ರತಿಯಾಗಿ ನಟನೇ ಕರ್ತೃವೆಂದು ಕ್ಯಾಗ್ನಿಯ ಪರ ಹಿಡಿದರು. ಕ್ಯಾಗ್ನಿಯವರಾದರೋ ಚಿತ್ರದ ಬಗ್ಗೆ ಅಷ್ಟೇನೂ ಹೆಮ್ಮೆಪಡದೆ, ಸಂಸ್ಥೆಯವರು ದುಡ್ಡಿಗೆ ಬಿಗಿಹಿಡಿದು ಕೆಲಸವನ್ನು ಅಗ್ಗವಾಗಿಸಿದರೆಂದು ದೂರಿದರು. ಇವರೆಲ್ಲರ ವಾದವನ್ನು ಒರೆಗೆ ಹಚ್ಚಬೇಕಾದರೆ ಸೆರೆಮನೆಯ ಊಟದ ಹಜಾರದ ದೃಶ್ಯಕ್ಕೆ ಬರಬೇಕು.

ನೂರಾರು ಕೈದಿಗಳು ಉದ್ದುದ್ದ ಮೇಜುಗಳ ಮುಂದೆ ತಗ್ಗಿಸಿದ ತಲೆಯಲ್ಲಿ ಉಣ್ಣುತ್ತಿದ್ದಾರೆ. ಹೊರಗಿನಿಂದ ಹೊಸದಾಗಿ ಬಂದ ಪರಿಚಿತನೊಬ್ಬ ದೂರದಲ್ಲಿ ಕುಳಿತಿರುವುದನ್ನು ಕೋಡಿ ಕಂಡು, ಅಮ್ಮ ಹೇಗಿದ್ದಾಳೆಂದು ಕೇಳು ಎಂದು ಪಕ್ಕದವನ ಕಿವಿಯಲ್ಲಿ ಹೇಳುವನು. ಪ್ರಶ್ನೆ ಬಾಯಿಂದ ಬಾಯಿಗೆ ಸಾಲಿನುದ್ದಕ್ಕೂ ಹೋಗುವುದು, ಕ್ಯಾಮೆರಾ ಅದರ ಜೊತೆಯಲ್ಲಿಯೇ ಸರಿಯುವುದು. ಉತ್ತರ ಮತ್ತೆ ಅದೇ ಮುಖಗಳನ್ನು ದಾಟಿ ಹಿಂದಕ್ಕೆ ಬರುವುದು. ಅದೇನೆಂದು ನಮಗೆ ಮುಖಗಳಿಂದಲೇ ತಿಳಿದುಹೋಗಿದೆ; ತಿಳಿಯದವನು ಕೋಡಿಯೊಬ್ಬನೇ. ಸತ್ತಳೆಂಬ ಮಾತು ಕಿವಿಗೆ ಬಿದ್ದೊಡನೆ ಅವನಿಂದ ಹೊರಡುವ ಸ್ವರ ಅಳುವಲ್ಲ, ಕೂಗಲ್ಲ. ಬೋನಿಗೆ ಬಿದ್ದ ಮೃಗದ ಗಂಟಲಿನದು. ಮೇಜಿನ ಮೇಲೆ ಹತ್ತಿ, ತೆವಳಿ, ತಟ್ಟೆಗಳ ನಡುವೆ ಬಿದ್ದು, ಎದುರಿಗೆ ಬಂದ ಕಾವಲುಗಾರರನ್ನು ಒಬ್ಬೊಬ್ಬರಾಗಿ ಹೊಡೆದುರುಳಿಸಿ, ಕೊನೆಗೆ ಅವರ ಕೈಗಳ ಮೇಲೆ ಹೊರಲ್ಪಟ್ಟು ಬಾಗಿಲಾಚೆ ಮರೆಯಾಗುವನು. ಒಂದು ಮಾತಿನ ಸಲುವಾಗಿ ಇಷ್ಟು ಜನರನ್ನು ಕೂಡಿಸುವ ಖರ್ಚೇಕೆ, ಪ್ರಾರ್ಥನಾಮಂದಿರದಲ್ಲಿ ಮುಗಿಸಿರಿ ಎಂದು ಸಂಸ್ಥೆಯವರು ಅಡ್ಡಿಮಾಡಿದರಂತೆ. ವಾಲ್ಶ್ ಪಟ್ಟು ಬಿಡಲಿಲ್ಲ. ಆ ಸ್ವರ ಎಲ್ಲಿಂದ ಬಂದಿತೆಂದರೆ, ತಾನು ಹುಡುಗನಾಗಿದ್ದಾಗ ಹುಚ್ಚಾಸ್ಪತ್ರೆಯೊಂದರಲ್ಲಿ ಕೇಳಿದ ಕೂಗಾಟದ ನೆನಪಿನಿಂದ ಎಂದು ಕ್ಯಾಗ್ನಿ ಹೇಳಿರುವರು. ಪಿಸುಮಾತು ಸಾಲನ್ನು ದಾಟುವ ನಡಿಗೆ ನಿರ್ದೇಶಕನದು, ಗಂಟಲು ನಟನದು. ಒಂದನ್ನು ತೆಗೆದರೆ ಇನ್ನೊಂದು ನಿಲ್ಲದು; ಇಷ್ಟು ಬೆಸೆದ ಕೆಲಸದಲ್ಲಿ ಕರ್ತೃವನ್ನು ಸೀಳಿ ತೋರಿಸುವ ಹಟ ನನಗೆ ನಿರರ್ಥಕವೆನಿಸುವುದು. ಆಸ್ಕರ್ ಮಂಡಲಿಯವರು ಮೂಲಕಥೆಗಾಗಿ ಕೆಲಾಗ್ ಅವರನ್ನು ನಾಮನಿರ್ದೇಶನಮಾಡಿ, ಈ ನಟನೆಯನ್ನು ಕಣ್ಣೆತ್ತಿಯೂ ನೋಡಲಿಲ್ಲವೆಂಬುದನ್ನು ಮಾತ್ರ ಖೇದದಿಂದ ಹೇಳಬೇಕಾಗಿದೆ.

ತಾಯಿಯ ವಿಷಯದಲ್ಲಿ ವಿಮರ್ಶಕರು ಬರೆದುದಕ್ಕೆ ಲೆಕ್ಕವಿಲ್ಲ. ಮೊದಲ ಶೂಲೆಯ ಅನಂತರ ಕೋಡಿ ತಾಯಿಯ ಮಡಿಲಲ್ಲಿ ಒಂದು ಗಳಿಗೆ ಕೂರುವ ದೃಶ್ಯ ಫ್ರಾಯ್ಡನ ಶಿಷ್ಯರಿಗೆ ಹಬ್ಬದೂಟವಾಯಿತು. ಅತಿಮುದ್ದಿನ ತಾಯಂದಿರು ರಾಷ್ಟ್ರದ ಗಂಡುಮಕ್ಕಳನ್ನು ಕೆಡಿಸುತ್ತಿರುವರೆಂದು ಫಿಲಿಪ್ ವೈಲಿ 1942ರಲ್ಲಿ ಬರೆದ ನಿಂದಾಗ್ರಂಥದ ಗಾಳಿ ಇನ್ನೂ ಬೀಸುತ್ತಿದ್ದ ಕಾಲವದು. 1993ರಲ್ಲಿ ಲೂಸಿ ಫಿಶರ್, ಹೆಂಗಸಿಗೆ ಅಂಟಿಸುತ್ತಿದ್ದ ಉನ್ಮಾದವೆಂಬ ಹಣೆಪಟ್ಟಿ ಇಲ್ಲಿ ಗಂಡಸಿನ ಮೈಮೇಲೆ ಹೇಗೆ ಕುಣಿಯುವುದೆಂಬುದನ್ನು ಎತ್ತಿ ತೋರಿಸಿದ ಮೇಲೆ ಈ ಚರ್ಚೆಗೆ ಹೊಸ ಹುರುಪು ಬಂದಿತು. ಇವುಗಳಲ್ಲಿ ಸತ್ಯವಿಲ್ಲವೆನ್ನಲಾರೆ, ಆದರೆ ರೋಗದ ಹೆಸರು ಹೇಳಿದೊಡನೆ ತಾಯಿಯನ್ನು ನೋಡುವುದನ್ನೇ ನಿಲ್ಲಿಸಿಬಿಡುವರು. ಆ ಪಾತ್ರವನ್ನು ವಹಿಸಿದ ಮಾರ್ಗರೆಟ್ ವೈಚರ್ಲಿ ಎಂಟು ವರ್ಷಗಳ ಹಿಂದೆ ‘ಸಾರ್ಜೆಂಟ್ ಯಾರ್ಕ್’ ಚಿತ್ರದಲ್ಲಿ ಯುದ್ಧವೀರನ ದೈವಭಕ್ತೆ ತಾಯಿಯಾಗಿ ಆಸ್ಕರ್ ನಾಮನಿರ್ದೇಶನ ಪಡೆದಿದ್ದವರು. ಅದೇ ಮುಖ, ಅದೇ ಒಣಗಿದ ಗಟ್ಟಿತನ. ಮಗ ಮಾತ್ರ ಬೇರೆ. ಮಗನಿಗೆ ಇಷ್ಟವೆಂದು ಸ್ಟ್ರಾಬೆರಿ ಹಣ್ಣು ಕೊಳ್ಳಲು ಅಂಗಡಿಗೆ ಹೋಗಿ ಅವಳು ಪೊಲೀಸರ ಕಣ್ಣಿಗೆ ಬೀಳುವಳು. ಕೊಲೆಗಾರನ ಜಾಡು ಪತ್ತೆಯಾಗುವುದು ಹಣ್ಣಿನ ಪೊಟ್ಟಣದಿಂದ! ಶೂಲೆ ಇಳಿದ ಮಗನನ್ನು ತಂಡದವರು ಅಶಕ್ತನೆಂದು ಕಾಣಬಾರದೆಂದು, ಚೇತರಿಸಿಕೊಳ್ಳುವವರೆಗೆ ಬಾಗಿಲೊಳಗೆ ತಡೆದಿರಿಸಿ ಹೊರಗೆ ಕಳುಹಿಸುವವಳೂ ಅವಳೇ. ಅವಳು ಸಾಯುವುದನ್ನು ಚಿತ್ರ ತೋರಿಸುವುದೇ ಇಲ್ಲ. ವೆರ್ನಾ ಬೆನ್ನಿಗೆ ಗುಂಡಿಟ್ಟು ಕೊಂದಳೆಂಬುದು ಮಾತಿನಲ್ಲಿ ತಿಳಿದುಬರುವುದು. ವರ್ಜಿನಿಯಾ ಮೇಯೊ ಅಭಿನಯಿಸಿದ ಈ ವೆರ್ನಾಳ ಕುರಿತು ಬಂದ ಬರೆಹ ಕಡಮೆ, ಸಲ್ಲಬೇಕಾದುದು ಹೆಚ್ಚು.

ಪರಮಾಣು ಬಾಂಬಿನ ವಾದವನ್ನೂ ಹೇಳಿ ಮುಗಿಸಬೇಕು. ಕಡೆಯ ಸ್ಫೋಟದ ಹೊಗೆಯಲ್ಲಿ ಹಿರೋಷಿಮಾದ ಆಕೃತಿಯನ್ನು ಕಂಡವರು ಹಲವರು. ಸೋವಿಯೆತ್ ದೇಶವೂ ಬಾಂಬನ್ನು ಪರೀಕ್ಷಿಸಿದೆಯೆಂದು ಅಧ್ಯಕ್ಷ ಟ್ರೂಮನ್ 1949ರ ಸೆಪ್ಟೆಂಬರ್ 23ರಂದು ಪ್ರಕಟಿಸಿದಾಗ ಈ ಚಿತ್ರ ತೆರೆಗೆ ಬಂದು ಮೂರು ವಾರವಾಗಿತ್ತು. ಪ್ರೇಕ್ಷಕರ ಮನಸ್ಸಿನಲ್ಲಿ ಎರಡೂ ಬೆರೆತಿದ್ದರೆ ಸಹಜವೇ. ಆದರೆ ಮಾಡಿದವರ ಉದ್ದೇಶದಲ್ಲಿ ಅದು ಇದ್ದಿತೆನ್ನಲು ಚಿತ್ರದಲ್ಲಿ ಆಧಾರ ಸಾಲದು. ಯಂತ್ರಗಳ ಮಾತು ಬೇರೆ. ಮೂರು ಕಾರುಗಳು ಸರದಿಯ ಮೇಲೆ ಒಬ್ಬಳನ್ನು ಹಿಂಬಾಲಿಸುವ ಕ್ರಮ, ಕಾರಿನೊಳಗಿನ ಟೆಲಿಫೋನು, ಲಾರಿಯ ಅಡಿಯಲ್ಲಿ ಅಂಟಿಸಿದ ಸಂಕೇತಯಂತ್ರದ ಮಿಡಿತವನ್ನು ಎರಡು ಕಡೆಯಿಂದ ಹಿಡಿದು ನಕ್ಷೆಯ ಮೇಲೆ ಗೆರೆಗಳು ಕೂಡುವ ಬಿಂದುವನ್ನು ಗುರುತಿಸುವುದು, ಇವನ್ನೆಲ್ಲ ಚಿತ್ರ ಮನಸ್ಸಿಟ್ಟು ತೋರಿಸಿದೆ. ಕಾನೂನಿಗೆ ಇಲ್ಲಿ ಶೂಲೆಯಿಲ್ಲ, ತಾಯಿಯಿಲ್ಲ, ಬೆವರಿಲ್ಲ. ಈ ತಣ್ಣನೆಯ ಕೌಶಲವನ್ನು ಚಿತ್ರ ಮೆಚ್ಚಿ ತೋರಿಸುವುದೊ, ಅಂಜಿ ತೋರಿಸುವುದೊ ಎಂಬ ಪ್ರಶ್ನೆ ಇಂದಿಗೂ ಇತ್ಯರ್ಥವಾಗಿಲ್ಲ.

ನನ್ನ ಮಟ್ಟಿಗೆ ಆ ಪ್ರಶ್ನೆಗೆ ಉತ್ತರವಿರುವುದು ಫ್ಯಾಲನ್ ಎಂಬ ಪಾತ್ರದಲ್ಲಿ. ಎಡ್ಮಂಡ್ ಓಬ್ರಿಯನ್ ನಿರಾಡಂಬರವಾಗಿ ನಿರ್ವಹಿಸಿದ ಈ ಪಾತ್ರವನ್ನು ಕರ್ತವ್ಯನಿಷ್ಠನೆಂದು ಒಂದು ಸಾಲಿನಲ್ಲಿ ಮುಗಿಸಿದ ವಿಮರ್ಶಕರೇ ಬಹಳ. ಅವನು ತಾಯಿಯ ಸ್ಥಾನಕ್ಕೆ ಬಂದು ಕೂರುವವನೆಂದು ಕಂಡವರೂ ಆ ಗುರುತನ್ನು ಮನೋವಿಶ್ಲೇಷಣೆಯ ಕೋಶದಲ್ಲಿಟ್ಟು ಮುಂದೆ ನಡೆದಿರುವರು. ಯಂತ್ರಾಗಾರದಲ್ಲಿ ಕೋಡಿ ಶೂಲೆಯಿಂದ ಕುಸಿದುಬಿದ್ದಾಗ ಬೇರೆಯವರ ಕಣ್ಣಿಗೆ ಬೀಳದಂತೆ ಮರೆಮಾಡಿ, ಕತ್ತಿನ ಹಿಂಭಾಗವನ್ನು ನೀವಿ ನೋವಿಳಿಸಿದವನು ಫ್ಯಾಲನ್. ತಾಯಿ ಮಾಡುತ್ತಿದ್ದುದೂ ಅದನ್ನೇ, ಅದೇ ಕ್ರಮದಲ್ಲಿ. ಸೆರೆಯೊಡೆದು ಹೊರಬಂದ ಮೇಲೆ ಒಂದು ರಾತ್ರಿ ಕೋಡಿ ಅವನೊಡನೆ, ತಾನು ಒಬ್ಬನೇ ಮರಗಳ ನಡುವೆ ಅಲೆಯುತ್ತ ಸತ್ತ ಅಮ್ಮನೊಡನೆ ಮಾತನಾಡಿ ಬಂದೆನೆಂದು, ಅದರಿಂದ ಹಿತವೆನಿಸಿತೆಂದು, ನಾಚದೆ ಹೇಳಿಕೊಳ್ಳುವನು. ಹಿಂದೆ ತಾಯಿಗೆ ಕೊಡುತ್ತಿದ್ದ ಅರ್ಧಪಾಲನ್ನು ಇವನಿಗೆ ಕೊಡಲು ನಿಶ್ಚಯಿಸುವನು. ಇಷ್ಟು ದಿನ ಯಾರನ್ನೂ ನಂಬದವನು ನಂಬಿದುದು ಒಬ್ಬನನ್ನು. ಆ ಒಬ್ಬನು ಆ ಹೊತ್ತಿಗಾಗಲೇ ವೆರ್ನಾಳ ರೇಡಿಯೋವನ್ನು ಬಿಚ್ಚಿ ಸಂಕೇತಯಂತ್ರವನ್ನು ಮಾಡುವ ಯೋಚನೆಯಲ್ಲಿರುವನು. ಸಮಾಜದ ರಕ್ಷಣೆಗೆ ಇದು ಅವಶ್ಯವೆಂಬುದನ್ನು ನಾನು ಅಲ್ಲಗಳೆಯೆನು. ಕೋಡಿ ಹೊರಗಿದ್ದರೆ ಇನ್ನೆಷ್ಟು ಎಂಜಿನ್ ಚಾಲಕರು ಸಾಯುವರೊ! ಆದರೂ ಸತ್ಯ ಬಯಲಾದಾಗ, ಪೊಲೀಸಿನವನನ್ನು ತಮ್ಮನಂತೆ ಕಂಡೆನಲ್ಲಾ ಎಂದು ಕೋಡಿ ನಗುತ್ತ ಅಳುವ, ಅಳುತ್ತ ನಗುವ ಆ ಅರೆನಿಮಿಷದಲ್ಲಿ, ನೀತಿಸಂಹಿತೆಯ ಯಾವ ಅಧಿಕಾರಿಯೂ ಕತ್ತರಿಸಲಾಗದ ಒಂದು ಪ್ರಶ್ನೆ ಪ್ರೇಕ್ಷಕನ ಎದೆಗೆ ನಾಟುವುದು.

ಚಿತ್ರ 2003ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿತು. 2008ರಲ್ಲಿ ಅಮೆರಿಕನ್ ಫಿಲ್ಮ್ ಇನ್ಸ್ಟಿಟ್ಯೂಟಿನವರು ಗ್ಯಾಂಗ್‌ಸ್ಟರ್ ಚಿತ್ರಗಳ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನವನ್ನು ಕೊಟ್ಟರು. ಈ ಗೌರವಗಳ ಸುದ್ದಿಯಲ್ಲೆಲ್ಲ ಮುದ್ರಿತವಾಗುವ ಚಿತ್ರ ಗೋಳದ ಮೇಲೆ ನಿಂತ ಕ್ಯಾಗ್ನಿಯದು. ಆ ಗೋಳದ ಕೆಳಗೆ, ದೂರದಲ್ಲಿ, ದುರ್ಬೀನಿನ ಬಂದೂಕನ್ನು ಭುಜಕ್ಕೊತ್ತಿ ನಿಂತಿರುವವನು ಫ್ಯಾಲನ್. ಒಂದು ಗುಂಡು ತಗಲುವುದು, ಮತ್ತೊಂದು ತಗಲುವುದು; ಕೋಡಿ ತೂರಾಡುವನೇ ಹೊರತು ಬೀಳನು, ಇವನನ್ನು ಇನ್ನೂ ಎತ್ತಿ ಹಿಡಿದಿರುವುದು ಯಾವುದು ಎಂದು ಫ್ಯಾಲನ್ನನೇ ಬೆರಗಾಗುವನು. ಬಂದೂಕಿನ ಕುದುರೆಯ ಮೇಲಿರುವುದು, ಆ ಕತ್ತಿನ ನರವನ್ನು ಹುಡುಕಿ ಹಿಡಿದು ನೋವನ್ನು ಇಳಿಸಿದ ಅದೇ ಕೈ.